ಬಾವಿ ಬತ್ತಿದ್ದು ಗಣಿಯಿಂದಲೇ?



ಗೋದಾವರೀ ಕಣಿವೆಯ ಕಲ್ಲಿದ್ದಲ ಸೀಮೆಗೆ ಉದ್ಯೋಗನಿಮಿತ್ತ ಹೋಗಿ ನೆಲಸಿರುವ ತಾವು, ಮನೆಯ ಬಾವಿ ಬತ್ತಿದುದಕ್ಕೆ ನೆಲದಡಿಯ ಗಣಿಯೇ ಕಾರಣವೆಂಬ ನೆರೆಯವರ ಮಾತನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಂಬುವುದಕ್ಕೂ ಅಲ್ಲಗಳೆಯುವುದಕ್ಕೂ ಮೊದಲು ಶಿಲೆಯನ್ನು ವಿಚಾರಿಸತಕ್ಕದ್ದು. ಆ ಪ್ರಾಂತದ ಗೊಂಡ್ವಾನ ಶಿಲಾಸಮೂಹದಲ್ಲಿ, ಕಲ್ಲಿದ್ದಲನ್ನು ಧರಿಸಿದ ಬರಾಕರ್ ಸ್ತರಗಳಿಗೆ ಮೇಲ್ಗಡೆಯ ಕಾಮ್ಠಿ ಮರಳುಗಲ್ಲು ನೀರನ್ನು ಧಾರಾಳವಾಗಿ ಹಿಡಿದಿಟ್ಟುಕೊಂಡರೆ, ನಡುವಣ ಜೇಡಿಗಲ್ಲಿನ ಪದರಗಳು ಅದನ್ನು ಕೆಳಗಿಳಿಯಗೊಡದೆ ತಡೆಯುತ್ತವೆ. ಆದರೆ ಆಧಾರಸ್ತಂಭಗಳಾಗಿ ಉಳಿಸಿದ್ದ ಕಲ್ಲಿದ್ದಲನ್ನೂ ತೆಗೆದಾಗ ಗಣಿಯ ಚಾವಣಿ ಕುಸಿದು, ಬಿರುಕುಗಳು ಮೇಲಕ್ಕೇರಿ, ಆ ತಡೆಯೇ ಸೀಳಿಹೋಗುವ ಸಂಭವವುಂಟು. ಬಳಿಯಲ್ಲಿ ಸ್ತರಭಂಗವೊಂದು, ಎಂದರೆ ಶಿಲಾಪದರಗಳು ಮುರಿದು ಸರಿದ ಸೀಳು, ಹಾದಿದ್ದರೆ ಅದು ನೀರಿಗೆ ದಾರಿಯೂ ಆದೀತು, ಜೇಡಿ ತುಂಬಿದ್ದರೆ ಗೋಡೆಯೂ ಆದೀತು.

ಆದುದರಿಂದ ಕೊರೆದು ತೆಗೆದ ಶಿಲಾದಂಡಗಳ ವಿವರ, ಪದರಪದರಕ್ಕೂ ಪ್ರತ್ಯೇಕವಾಗಿ ಇಳಿಸಿದ ಪೀಜೋಮೀಟರುಗಳು (ಅಂತರ್ಜಲದ ಮಟ್ಟವನ್ನಳೆಯುವ ಕೊಳವೆಗಳು) ತೋರುವ ಮಟ್ಟ, ಗಣಿಯಿಂದ ದಿನವಹಿ ಎತ್ತುವ ನೀರಿನ ಪ್ರಮಾಣ, ಇವನ್ನು ಗಣಿಯವರಿಂದ ಲಿಖಿತವಾಗಿ ಕೇಳಿರಿ. ಕೊಡಲು ಅವರು ಹಿಂದೆಗೆಯಬಾರದು. 1975ರ ಡಿಸೆಂಬರ್ 27ರಂದು ಧನಬಾದಿನ ಬಳಿಯ ಚಸನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಮಡಿದ ಮೇಲೆ, ನೀರಿನ ಈ ಲೆಕ್ಕ ಗಣಿಯವರಿಗೂ ಪ್ರಾಣದ ಪ್ರಶ್ನೆಯೇ ಸರಿ. ನೆರೆಯ ಕೊಳವೆಬಾವಿಗಳನ್ನೂ ಎಣಿಸಿರಿ. ಅಪರಾಧಿ ಅನೇಕ ವೇಳೆ ಅವೇ!

ತಾವು ಬಾವಿಯ ಮಟ್ಟವನ್ನು ವಾರಕ್ಕೊಮ್ಮೆ ಮಳೆಯ ಲೆಕ್ಕದೊಡನೆ ಬರೆದಿಡತಕ್ಕದ್ದು. ಒಳ್ಳೆಯ ಮುಂಗಾರಿನ ನಂತರವೂ ನೀರು ಮೇಲೇಳದಿದ್ದರೆ ನೆರೆಯವರ ಶಂಕೆಗೆ ಬಲ ಬಂದಂತೆ. ಅಲ್ಲಿಯವರೆಗೆ ಹೊಸ ಬಾವಿಗೆ ಹಣ ಸುರಿಯಬೇಡಿ.