ಶೆಲ್ಲು ಆಜ್ಞೆಯನ್ನು ಹುಡುಕುವ ಬಗೆ

ವಿದ್ಯಾರ್ಥಿಯೊಬ್ಬನು ತನ್ನ ಗಣಕಯಂತ್ರದಲ್ಲಿ ಹೊಸದೊಂದು ಪ್ರೋಗ್ರಾಮನ್ನು ಸ್ಥಾಪಿಸಿಕೊಂಡನೆಂದು ಭಾವಿಸೋಣ. ಸ್ಥಾಪನೆಯ ಕಾರ್ಯವು ಯಾವ ತೊಡಕೂ ಇಲ್ಲದೆ ಮುಗಿಯಿತು. ಬಳಿಕ ಅವನು ಟರ್ಮಿನಲ್ಲಿನ ಕಿಟಕಿಯನ್ನು ತೆರೆದು ಆ ಪ್ರೋಗ್ರಾಮಿನ ಹೆಸರನ್ನು ಬೆರಳಚ್ಚಿಸಿದನು. ಉತ್ತರವಾಗಿ ಬಂದುದು ಒಂದೇ ಸಾಲು: "ಕಮ್ಯಾಂಡ್ ನಾಟ್ ಫೌಂಡ್", ಅಂದರೆ, ಆಜ್ಞೆ ಸಿಕ್ಕಲಿಲ್ಲ. ಅವನು ಪುನಃ ಸ್ಥಾಪಿಸಿದನು, ಅದೇ ಉತ್ತರ. ಮೂರನೆಯ ಸಲವೂ ಅದೇ. ಕೊನೆಗೆ, ಯಾರೋ ಹೇಳಿದ ಒಂದು ಸಾಲನ್ನು ಅರ್ಥವರಿಯದೆ ಯಾವುದೋ ಫೈಲಿಗೆ ನಕಲು ಮಾಡಿದನು. ಅಲ್ಲಿಂದ ಮುಂದೆ, ನಿನ್ನೆಯವರೆಗೆ ಸರಿಯಾಗಿದ್ದ ಆಜ್ಞೆಗಳೂ ನಿಂತುಹೋದುವು. ಒಂದು ದಿನದ ಅಭ್ಯಾಸವು ಹೀಗೆ ವ್ಯರ್ಥವಾಯಿತು. ಅದಕ್ಕಿಂತ ಹೆಚ್ಚಾಗಿ, "ಈ ವಿದ್ಯೆ ನನಗೆ ಒಲಿಯದು" ಎಂಬ ಅಧೈರ್ಯವು ಅವನ ಮನಸ್ಸಿನಲ್ಲಿ ನೆಲಸಿತು.

ಇಂತಹ ಅಧೈರ್ಯಕ್ಕೆ ಕಾರಣವಿಲ್ಲ. ಮೇಲಿನ ತೊಂದರೆಗಳೆಲ್ಲಕ್ಕೂ ಮೂಲವಾದ ತತ್ತ್ವಗಳು ಎರಡೇ. ಅವನ್ನು ತಿಳಿದವನು ತನ್ನ ದೋಷವನ್ನು ತಾನೇ ಹುಡುಕಿ ತಿದ್ದಿಕೊಳ್ಳಬಲ್ಲನು. ಈ ಲೇಖನದಲ್ಲಿ ಆಜ್ಞೆಗಳನ್ನು ಉಚ್ಚಾರಣೆಗನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರಕ್ಕೆ ಕೊಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೂ, "ಪಾತ್" ಮತ್ತು "ಹೋಮ್" ಎಂಬ ಎರಡು ಹೆಸರುಗಳನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿಯೂ ಬರೆಯತಕ್ಕದ್ದು.

ಶೆಲ್ಲೆಂದರೇನು?

"ಶೆಲ್" ಎಂದರೆ ಚಿಪ್ಪು ಅಥವಾ ಕರಟ. ಗಣಕದ ಕಾರ್ಯಾಚರಣ ವ್ಯವಸ್ಥೆಯ ಒಳಭಾಗಕ್ಕೆ "ಕರ್ನಲ್", ಎಂದರೆ ತಿರುಳು, ಎಂದು ಹೆಸರು. ತೆಂಗಿನ ತಿರುಳನ್ನು ಕರಟವು ಸುತ್ತುವರಿದಿರುವಂತೆ, ಕರ್ನಲ್ಲಿಗೂ ಮನುಷ್ಯನಿಗೂ ನಡುವೆ ಶೆಲ್ಲು ಇರುತ್ತದೆ. ನಾವು ಬರೆದ ಸಾಲನ್ನು ಓದುವುದು, ಅದರಲ್ಲಿ ಹೇಳಿದ ಪ್ರೋಗ್ರಾಮನ್ನು ಹುಡುಕುವುದು, ಕರ್ನಲ್ಲಿನ ಸಹಾಯದಿಂದ ಅದನ್ನು ನಡೆಯಿಸುವುದು, ಅದು ಮುಗಿದ ಮೇಲೆ ಮುಂದಿನ ಸಾಲಿಗೆ ಕಾಯುವುದು: ಇಷ್ಟೇ ಶೆಲ್ಲಿನ ಕೆಲಸ. ಶೆಲ್ಲು ಕೂಡ ಇತರ ಪ್ರೋಗ್ರಾಮುಗಳಂತೆಯೇ ಒಂದು ಪ್ರೋಗ್ರಾಮು. ಅದರಲ್ಲಿ ಯಾವ ಮಾಯೆಯೂ ಇಲ್ಲ.

ಈ ಹೆಸರನ್ನು ಬಳಕೆಗೆ ತಂದವನು ಲೂಯಿ ಪೂಜ಼ಾಂ ಎಂಬ ಫ್ರೆಂಚ್ ವಿಜ್ಞಾನಿ. 1960ರ ದಶಕದ ಮೊದಲರ್ಧದಲ್ಲಿ ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯಲ್ಲಿದ್ದಾಗ, ಅವನು ಅನೇಕ ಆಜ್ಞೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಒಟ್ಟಿಗೆ ನಡೆಯಿಸುವ "ರನ್‌ಕಾಮ್" ಎಂಬ ಪ್ರೋಗ್ರಾಮನ್ನು ರಚಿಸಿದನು. ಇಂದಿನ ಶೆಲ್ಲುಗಳ ಪ್ರಾರಂಭದ ಫೈಲುಗಳ ಹೆಸರಿನ ಕೊನೆಯಲ್ಲಿ ಕಾಣುವ "ಆರ್‌ಸಿ" ಎಂಬ ಎರಡಕ್ಷರಗಳು ಆ ರನ್‌ಕಾಮ್ ಶಬ್ದದ ಅವಶೇಷವೇ. ಮುಂದೆ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಯನ್ನು ರೂಪಿಸಿದರು. ಅಲ್ಲಿಯೇ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ಲು 1979ರಲ್ಲಿ ಹೊರಬಂದಿತು. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ "ಬ್ಯಾಷ್", 1990ರಲ್ಲಿ ಪಾಲ್ ಫಾಲ್‌ಸ್ಟಡ್ ಬರೆದ "ಜ಼ೆಡ್ ಶೆಲ್": ಇವೆರಡೂ ಆ ಪರಂಪರೆಗೆ ಸೇರಿದವು. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಬ್ಯಾಷ್ ಇರುತ್ತದೆ. ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ 2019ರಿಂದೀಚೆಗೆ ಜ಼ೆಡ್ ಶೆಲ್ಲನ್ನೇ ಮೊದಲ ಆಯ್ಕೆಯಾಗಿ ಕೊಡಲಾಗುತ್ತಿದೆ.

ಮೊದಲನೆಯ ತತ್ತ್ವ: ಹುಡುಕುವ ಸ್ಥಳಗಳ ಪಟ್ಟಿ

ಒಂದು ದೊಡ್ಡ ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಅಲ್ಲಿಯ ಜವಾನನ ಕೈಯಲ್ಲಿ ಒಂದು ಚೀಟಿಯಿದೆ. ಅದರಲ್ಲಿ ಐದಾರು ಬೀರುಗಳ ಹೆಸರುಗಳು ಕ್ರಮವಾಗಿ ಬರೆದಿವೆ. ಪುಸ್ತಕದ ಹೆಸರು ಹೇಳಿದ ಕೂಡಲೆ ಅವನು ಮೊದಲನೆಯ ಬೀರುವಿನಿಂದ ಹುಡುಕತೊಡಗುವನು. ಮೊದಲು ಕಂಡ ಪ್ರತಿಯನ್ನೇ ತಂದುಕೊಟ್ಟು ಹುಡುಕುವುದನ್ನು ನಿಲ್ಲಿಸುವನು. ಚೀಟಿಯಲ್ಲಿಲ್ಲದ ಬೀರುವಿನ ಕಡೆ ಅವನು ಕಣ್ಣೆತ್ತಿಯೂ ನೋಡುವುದಿಲ್ಲ. ನಿಮ್ಮ ಪುಸ್ತಕವು ಪಕ್ಕದ ಬೀರುವಿನಲ್ಲೇ ಇದ್ದರೂ, ಚೀಟಿ ಮುಗಿದ ಮೇಲೆ "ಸಿಕ್ಕಲಿಲ್ಲ" ಎಂದುಬಿಡುವನು.

ಶೆಲ್ಲು ನಡೆದುಕೊಳ್ಳುವುದೂ ಹೀಗೆಯೇ. ಅದರ ಚೀಟಿಯ ಹೆಸರು "ಪಾತ್", ಅಂದರೆ ದಾರಿ. ಇದರಲ್ಲಿ ಹಲವು ಡೈರೆಕ್ಟರಿಗಳ ಹೆಸರುಗಳನ್ನು ನಡುನಡುವೆ ":" ಎಂಬ ಎರಡು ಚುಕ್ಕೆಗಳ ಚಿಹ್ನೆಯನ್ನಿಟ್ಟು ಬರೆದಿರುತ್ತದೆ. "ಎಕೋ $ಪಾತ್" ಎಂಬ ಆಜ್ಞೆಯನ್ನು ಕೊಟ್ಟರೆ ಈ ಪಟ್ಟಿಯು "/ಯುಎಸ್‌ಆರ್/ಲೋಕಲ್/ಬಿನ್:/ಯುಎಸ್‌ಆರ್/ಬಿನ್:/ಬಿನ್" ಎಂಬ ರೀತಿಯಲ್ಲಿ ಕಾಣಿಸುವುದು. ಶೆಲ್ಲು ಎಡದಿಂದ ಬಲಕ್ಕೆ ಹುಡುಕುತ್ತದೆ. ಮೊದಲು ಸಿಕ್ಕಿದುದನ್ನು ನಡೆಯಿಸುತ್ತದೆ.

ಈ ಪಟ್ಟಿಯು ಆದಿಯಿಂದ ಇದ್ದುದಲ್ಲ. ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿರುವಂತೆ, ಅಂದಿನ ಶೆಲ್ಲು ಕೊಟ್ಟ ಹೆಸರಿನ ಫೈಲನ್ನು ಹುಡುಕಿ, ಸಿಕ್ಕದಿದ್ದರೆ ಆ ಹೆಸರಿನ ಮುಂದೆ "/ಬಿನ್/" ಎಂದು ಸೇರಿಸಿ ಇನ್ನೊಮ್ಮೆ ಹುಡುಕುತ್ತಿತ್ತು. ಹುಡುಕುವ ಸ್ಥಳಗಳನ್ನು ಬಳಕೆದಾರನೇ ನಿಶ್ಚಯಿಸುವ ಅನುಕೂಲವು ಬಂದುದು ಆ ಬಳಿಕ. ಅನುಕೂಲದೊಡನೆ ತಪ್ಪಿಗೂ ಅವಕಾಶವಾಯಿತು.

ಈಗ ನಮ್ಮ ವಿದ್ಯಾರ್ಥಿಯ ಕಷ್ಟ ಅರ್ಥವಾಗುವುದು. ಅವನ ಪ್ರೋಗ್ರಾಮು ಯಂತ್ರದಲ್ಲಿತ್ತು. ಆದರೆ ಅದಿದ್ದ ಡೈರೆಕ್ಟರಿ ಪಟ್ಟಿಯಲ್ಲಿರಲಿಲ್ಲ. "ಸಿಕ್ಕಲಿಲ್ಲ" ಎಂದರೆ "ಇಲ್ಲ" ಎಂದರ್ಥವಲ್ಲ. "ನಾನು ಹುಡುಕಿದ ಸ್ಥಳಗಳಲ್ಲಿ ಇಲ್ಲ" ಎಂದಷ್ಟೇ ಅರ್ಥ. ಆದುದರಿಂದ ನೂರು ಸಲ ಸ್ಥಾಪಿಸಿದರೂ ಪ್ರಯೋಜನವಿಲ್ಲ. ಇದೇ ತತ್ತ್ವವು ಇನ್ನೊಂದು ತೊಂದರೆಯನ್ನೂ ವಿವರಿಸುತ್ತದೆ. ಪೈಥಾನಿನ ಹೊಸ ಆವೃತ್ತಿಯನ್ನು ಸ್ಥಾಪಿಸಿದರೂ ಹಳೆಯದೇ ಓಗೊಡುವುದುಂಟು. ಹಳೆಯ ಪ್ರತಿಯಿರುವ ಡೈರೆಕ್ಟರಿ ಪಟ್ಟಿಯಲ್ಲಿ ಎಡಗಡೆಗಿರುವುದೇ ಇದಕ್ಕೆ ಸಾಮಾನ್ಯ ಕಾರಣ.

ಇಲ್ಲಿ ಎರಡು ವಿಶೇಷಗಳನ್ನು ನೆನಪಿಡಬೇಕು. ಹೆಸರಿನಲ್ಲಿ ಓರೆಗೆರೆ ಇದ್ದರೆ ಶೆಲ್ಲು ಪಟ್ಟಿಯನ್ನು ನೋಡದೆ ನೇರವಾಗಿ ಆ ಸ್ಥಳಕ್ಕೇ ಹೋಗುತ್ತದೆ, ಇದ್ದಲ್ಲಿಯೇ ಇರುವ ಪ್ರೋಗ್ರಾಮನ್ನು ನಡೆಯಿಸಲು ಅದರ ಹೆಸರಿನ ಮುಂದೆ "./" ಎಂದು ಬರೆಯುವುದು ಇದಕ್ಕಾಗಿಯೇ. ಎರಡನೆಯದಾಗಿ, ಪಟ್ಟಿಯನ್ನು ನೋಡುವುದಕ್ಕೆ ಮೊದಲು ಶೆಲ್ಲು ತನ್ನಲ್ಲಿಯೇ ಇರುವ ಅಡ್ಡಹೆಸರುಗಳನ್ನೂ ಒಳ ಆಜ್ಞೆಗಳನ್ನೂ ನೋಡಿಕೊಳ್ಳುತ್ತದೆ. ಅಡ್ಡಹೆಸರೆಂದರೆ "ಏಲಿಯಾಸ್", ಉದ್ದನೆಯ ಆಜ್ಞೆಗೆ ನಾವು ಇಟ್ಟುಕೊಂಡ ಮೊಟಕು ಹೆಸರು. ಒಳ ಆಜ್ಞೆಗಳು ಬೇರೆ ಫೈಲಿನ ಅವಶ್ಯಕತೆಯಿಲ್ಲದೆ ಶೆಲ್ಲೇ ನಿರ್ವಹಿಸತಕ್ಕವು. "ಎಕೋ" ಮತ್ತು ಡೈರೆಕ್ಟರಿಯನ್ನು ಬದಲಿಸುವ "ಸಿಡಿ" ಇಂತಹವು. "ಸಿಡಿ"ಯನ್ನು ಒಳಗೇ ಇಟ್ಟುಕೊಳ್ಳಬೇಕಾದುದೇಕೆ? ಈ ಪ್ರಶ್ನೆಯು ನಮ್ಮನ್ನು ಎರಡನೆಯ ತತ್ತ್ವಕ್ಕೆ ಕೊಂಡೊಯ್ಯುತ್ತದೆ.

ಎರಡನೆಯ ತತ್ತ್ವ: ತಾಯಿಯಿಂದ ಮಗುವಿಗೆ ನಕಲು

ಯೂನಿಕ್ಸಿನ ಬಾಲ್ಯದ ಒಂದು ಪ್ರಸಂಗವನ್ನು ರಿಚಿ ತಾನೇ ಹೇಳಿದ್ದಾನೆ. ಪಿ.ಡಿ.ಪಿ.-7 ಎಂಬ ಚಿಕ್ಕ ಗಣಕದ ಮೇಲೆ ಆ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ, ಪ್ರತಿಯೊಂದು ಆಜ್ಞೆಯನ್ನೂ ಶೆಲ್ಲಿನಿಂದ ಕವಲೊಡೆದ ಪ್ರತ್ಯೇಕ ಕ್ರಿಯೆಯಾಗಿ ನಡೆಯಿಸುವ ಏರ್ಪಾಡನ್ನು ಮಾಡಿದರು. ಎಲ್ಲರಿಗೂ ಸಂತೋಷವಾಯಿತು. ಆದರೆ ಅದರ ನಡುವೆಯೇ, ಡೈರೆಕ್ಟರಿಯನ್ನು ಬದಲಿಸುವ ಆಜ್ಞೆಯು ಕೆಲಸ ಮಾಡುತ್ತಿಲ್ಲವೆಂದು ತಿಳಿದುಬಂತು. ಬರೆದ ಸಾಲುಗಳನ್ನೆಲ್ಲ ಮತ್ತೆ ಮತ್ತೆ ಓದಿ ತಲೆ ಕೆಡಿಸಿಕೊಂಡ ಮೇಲೆ ನಿಜವು ಹೊಳೆಯಿತು. ಆಜ್ಞೆಯು ತಪ್ಪೇನನ್ನೂ ಮಾಡಿರಲಿಲ್ಲ. ಅದು ಹೊಸದಾಗಿ ಹುಟ್ಟಿದ ಮರಿಕ್ರಿಯೆಯ ಡೈರೆಕ್ಟರಿಯನ್ನು ಸರಿಯಾಗಿಯೇ ಬದಲಿಸುತ್ತಿತ್ತು. ಆದರೆ ಆ ಮರಿಕ್ರಿಯೆಯು ಮರುಕ್ಷಣವೇ ಮುಗಿದುಹೋಗುತ್ತಿತ್ತು. ತಾಯಿಯಾದ ಶೆಲ್ಲು ಇದ್ದಲ್ಲಿಯೇ ಇರುತ್ತಿತ್ತು! ಆದುದರಿಂದ ಆ ಆಜ್ಞೆಯನ್ನು ಶೆಲ್ಲಿನ ಒಳಗೇ ಸೇರಿಸಬೇಕಾಯಿತು.

ಈ ನಿಯಮವು ಇಂದಿಗೂ ಬದಲಾಗಿಲ್ಲ. ಒಂದು ಕ್ರಿಯೆಯಿಂದ ಇನ್ನೊಂದು ಹುಟ್ಟಿದಾಗ, ತಾಯಿಯ "ಪರಿಸರ"ದ ಒಂದು ನಕಲು ಮಗುವಿಗೆ ದೊರೆಯುತ್ತದೆ. "ಪಾತ್" ಈ ಪರಿಸರದಲ್ಲಿರುವ ಒಂದು ಚರ. ಮಗುವು ತನ್ನ ನಕಲಿನಲ್ಲಿ ಏನನ್ನೇ ತಿದ್ದಿಕೊಂಡರೂ ತಾಯಿಯ ಮೂಲಪ್ರತಿಗೆ ಅದು ತಾಗುವುದಿಲ್ಲ. ಹಾಗೆಯೇ ಮಗು ಹುಟ್ಟಿದ ಮೇಲೆ ತಾಯಿಯು ಮಾಡಿಕೊಂಡ ಬದಲಾವಣೆಯು ಆ ಮಗುವನ್ನು ಮುಟ್ಟುವುದಿಲ್ಲ. ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವಂತೆ ಪರಿಸರವೂ ಒಂದೇ ದಿಕ್ಕಿಗೆ ಹರಿಯುತ್ತದೆ.

ಇದರಿಂದ ಅನೇಕ ಒಗಟುಗಳು ಬಿಡಿಸಿಕೊಳ್ಳುತ್ತವೆ. ಒಂದು ಕಿಟಕಿಯಲ್ಲಿ ಪಟ್ಟಿಯನ್ನು ತಿದ್ದಿದರೆ ಇನ್ನೊಂದು ಕಿಟಕಿಗೆ ಅದು ತಿಳಿಯದು. ಏಕೆಂದರೆ ಅವೆರಡೂ ಬೇರೆ ಬೇರೆ ಶೆಲ್ಲುಗಳು. ಟರ್ಮಿನಲ್ಲಿನಲ್ಲಿ ದೊರೆಯುವ ಆಜ್ಞೆಯು, ಮೆನುವಿನಿಂದ ತೆರೆದ ಸಂಪಾದಕ ಪ್ರೋಗ್ರಾಮಿಗೆ ದೊರೆಯದಿರಬಹುದು. ಅದರ ತಾಯಿ ನಿಮ್ಮ ಶೆಲ್ಲಲ್ಲ. 2012ರಲ್ಲಿ ಬಂದ 3.3ನೆಯ ಆವೃತ್ತಿಯಿಂದ ಪೈಥಾನಿನಲ್ಲಿ, ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ಪರಿಸರವನ್ನು ಕಟ್ಟಿಕೊಳ್ಳುವ "ವೆನ್ವ್" ಎಂಬ ಸಾಧನವಿದೆ. ಅದರ "ಆಕ್ಟಿವೇಟ್" ಎಂಬ ಫೈಲು ಮಾಡುವ ಮುಖ್ಯ ಕೆಲಸವೆಂದರೆ, ತನ್ನ ಡೈರೆಕ್ಟರಿಯ ಹೆಸರನ್ನು ಪಟ್ಟಿಯ ತುದಿಯಲ್ಲಿ, ಎಲ್ಲಕ್ಕಿಂತ ಎಡಕ್ಕೆ, ಸೇರಿಸುವುದು. ಆ ಫೈಲನ್ನು ಸಾಮಾನ್ಯ ಪ್ರೋಗ್ರಾಮಿನಂತೆ ನಡೆಯಿಸಿದರೆ ಬದಲಾವಣೆಯು ಮರಿಶೆಲ್ಲಿನೊಡನೆಯೇ ಅಳಿದುಹೋಗುವುದು. ಅದಕ್ಕಾಗಿಯೇ "ಸೋರ್ಸ್" ಎಂಬ ಒಳ ಆಜ್ಞೆಯನ್ನು ಬಳಸಿ, ಅದರ ಸಾಲುಗಳನ್ನು ಈಗಿನ ಶೆಲ್ಲೇ ಓದಿ ನಡೆಯಿಸುವಂತೆ ಮಾಡಬೇಕು.

ಪ್ರಾರಂಭದ ಫೈಲುಗಳು

ಕಿಟಕಿಯನ್ನು ಮುಚ್ಚಿದೊಡನೆ ಶೆಲ್ಲಿನ ನೆನಪೂ ಅಳಿಯುತ್ತದೆ. ಆದುದರಿಂದ ಶಾಶ್ವತವಾಗಿ ಬೇಕಾದ ಏರ್ಪಾಡುಗಳನ್ನು, ಶೆಲ್ಲು ಹುಟ್ಟುವಾಗಲೇ ಓದಿಕೊಳ್ಳುವ ಫೈಲುಗಳಲ್ಲಿ ಬರೆದಿಡಬೇಕು. ಬ್ಯಾಷಿನಲ್ಲಿ, ಪ್ರವೇಶದ ಶೆಲ್ಲು ಮನೆ ಡೈರೆಕ್ಟರಿಯಲ್ಲಿರುವ ".ಬ್ಯಾಷ್_ಪ್ರೊಫೈಲ್" ಅನ್ನು, ಅದು ಇಲ್ಲವಾದರೆ ".ಬ್ಯಾಷ್_ಲಾಗಿನ್" ಅನ್ನು, ಅದೂ ಇಲ್ಲವಾದರೆ ".ಪ್ರೊಫೈಲ್" ಅನ್ನು ಓದುತ್ತದೆ. ಅನಂತರ ತೆರೆಯುವ ಸಾಮಾನ್ಯ ಸಂವಾದದ ಶೆಲ್ಲು ".ಬ್ಯಾಷ್‌ಆರ್‌ಸಿ" ಯನ್ನು ಓದುತ್ತದೆ. ಜ಼ೆಡ್ ಶೆಲ್ಲಿನಲ್ಲಿ ಇವಕ್ಕೆ ಸಮನಾದವು ".ಜ಼ೆಡ್‌ಪ್ರೊಫೈಲ್" ಮತ್ತು ".ಜ಼ೆಡ್‌ಎಸ್‌ಎಚ್‌ಆರ್‌ಸಿ". ಬ್ಯಾಷಿನ ಫೈಲಿನಲ್ಲಿ ಬರೆದು ಜ಼ೆಡ್ ಶೆಲ್ಲಿನಲ್ಲಿ ಫಲವನ್ನು ನಿರೀಕ್ಷಿಸುವುದು ಮ್ಯಾಕ್ ಬಳಸುವವರಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪು.

ಯಾವುದನ್ನು ಎಲ್ಲಿ ಬರೆಯಬೇಕು? ಎರಡನೆಯ ತತ್ತ್ವವೇ ಇದಕ್ಕೆ ಉತ್ತರ. ಪರಿಸರದ ಚರಗಳು ಮಕ್ಕಳಿಗೆ ತಾವಾಗಿಯೇ ಇಳಿದುಬರುವುದರಿಂದ ಅವನ್ನು ಪ್ರವೇಶದ ಫೈಲಿನಲ್ಲಿ ಒಮ್ಮೆ ಬರೆದರೆ ಸಾಕು. ಅಡ್ಡಹೆಸರುಗಳು ಹಾಗೆ ಇಳಿದುಬರುವುದಿಲ್ಲ. ಆದುದರಿಂದ ಅವನ್ನು ಪ್ರತಿಯೊಂದು ಸಂವಾದದ ಶೆಲ್ಲೂ ಓದುವ "ಆರ್‌ಸಿ" ಫೈಲಿನಲ್ಲಿ ಬರೆಯಬೇಕು.

ಪಟ್ಟಿಗೆ ಹೊಸ ಸ್ಥಳವನ್ನು ಸೇರಿಸುವ ಸಾಲು ಹೀಗಿರುತ್ತದೆ:

ಎಕ್ಸ್‌ಪೋರ್ಟ್ ಪಾತ್="$ಪಾತ್:$ಹೋಮ್/ಬಿನ್"

ಇದರಲ್ಲಿ "$ಪಾತ್" ಎಂಬುದು ಹಳೆಯ ಪಟ್ಟಿ. ಇದನ್ನು ಬಿಟ್ಟು ಬರೆದರೆ ಹಳೆಯ ಸ್ಥಳಗಳೆಲ್ಲ ಮಾಯವಾಗಿ ಹೊಸದೊಂದು ಮಾತ್ರ ಉಳಿಯುತ್ತದೆ. ನಮ್ಮ ವಿದ್ಯಾರ್ಥಿಗೆ ಆದುದು ಇದೇ. ಸಮಚಿಹ್ನೆಯ ಎರಡು ಕಡೆಯೂ ತೆರಪು ಇರಕೂಡದು.

ದೋಷವನ್ನು ಹುಡುಕುವ ಕ್ರಮ

ವೈದ್ಯನು ಮದ್ದು ಕೊಡುವುದಕ್ಕೆ ಮೊದಲು ನಾಡಿಯನ್ನು ನೋಡುವಂತೆ, ಏನನ್ನೂ ಬದಲಿಸುವ ಮೊದಲು ಸ್ಥಿತಿಯನ್ನು ಪರೀಕ್ಷಿಸಬೇಕು.

1. ಸಿಕ್ಕಿದುದು ಯಾವುದು? "ಟೈಪ್ -ಎ ಪೈಥಾನ್3" ಎಂದು ಕೇಳಿದರೆ, ಆ ಹೆಸರಿನ ಅಡ್ಡಹೆಸರು, ಒಳ ಆಜ್ಞೆ, ಫೈಲು ಎಲ್ಲವನ್ನೂ ಶೆಲ್ಲು ಕ್ರಮವಾಗಿ ತಿಳಿಸುತ್ತದೆ. ಮೊದಲನೆಯದೇ ನಡೆಯತಕ್ಕದ್ದು.

2. ಹುಡುಕಿದುದು ಎಲ್ಲಿ? "ಎಕೋ $ಪಾತ್" ಎಂದು ಪಟ್ಟಿಯನ್ನು ಓದಿ, ಬೇಕಾದ ಡೈರೆಕ್ಟರಿ ಅದರಲ್ಲಿದೆಯೇ, ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನು ನೋಡಿ.

3. ಸೋಲಿನ ಬಗೆ ಯಾವುದು? ಆಜ್ಞೆ ವಿಫಲವಾದ ಕೂಡಲೆ "ಎಕೋ $?" ಎಂದರೆ ಒಂದು ಸಂಖ್ಯೆ ಬರುತ್ತದೆ. 127 ಎಂದರೆ ಸಿಕ್ಕಲಿಲ್ಲ. 126 ಎಂದರೆ ಸಿಕ್ಕಿತು, ಆದರೆ ನಡೆಯಿಸಲಾಗಲಿಲ್ಲ. ಎರಡನೆಯದಕ್ಕೆ ಫೈಲಿನ ಅನುಮತಿಯನ್ನು ನೋಡಬೇಕೇ ಹೊರತು ಪಟ್ಟಿಯನ್ನಲ್ಲ.

4. ಹಳೆಯ ನೆನಪೇ? ಒಮ್ಮೆ ಸಿಕ್ಕಿದ ಸ್ಥಳವನ್ನು ಶೆಲ್ಲು ಜ್ಞಾಪಕದಲ್ಲಿಟ್ಟುಕೊಳ್ಳುತ್ತದೆ. ಪ್ರೋಗ್ರಾಮನ್ನು ಬೇರೆಡೆಗೆ ಸಾಗಿಸಿದ್ದರೆ ಈ ನೆನಪು ದಾರಿ ತಪ್ಪಿಸಬಹುದು. "ಹ್ಯಾಷ್ -ಆರ್" ಎಂದರೆ ಅದು ಅಳಿಯುತ್ತದೆ.

5. ದೋಷವು ಪ್ರಾರಂಭದ ಫೈಲಿನಲ್ಲಿದೆಯೇ? "ಬ್ಯಾಷ್ --ನೋಆರ್‌ಸಿ" ಅಥವಾ "ಜ಼ೆಡ್‌ಎಸ್‌ಎಚ್ -ಎಫ್" ಎಂದು ಆ ಫೈಲನ್ನು ಓದದ ಶೆಲ್ಲನ್ನು ತೆರೆದು ನೋಡಿ. ಆದರೆ ಎಚ್ಚರಿಕೆ: ಕೆಟ್ಟ ಪಟ್ಟಿಯುಳ್ಳ ಶೆಲ್ಲಿನಿಂದ ಇದನ್ನು ತೆರೆದರೆ, ಆ ಪಟ್ಟಿಯೇ ಮಗುವಿಗೂ ಇಳಿದುಬರುತ್ತದೆ.

"ಎಕೋ", "ಸಿಡಿ" ಎಂಬುವು ನಡೆಯುತ್ತಿದ್ದು, ಫೈಲುಗಳ ಪಟ್ಟಿ ಕೊಡುವ "ಎಲ್‌ಎಸ್" ಮಾತ್ರ ಸಿಕ್ಕದಿದ್ದರೆ, "ಪಾತ್" ಕೆಟ್ಟಿದೆಯೆಂದು ಊಹಿಸಬಹುದು. ಒಳ ಆಜ್ಞೆಗಳಿಗೆ ಪಟ್ಟಿಯ ಅವಶ್ಯಕತೆಯಿಲ್ಲವಷ್ಟೆ. ಆಗ ಗಾಬರಿಗೊಂಡು ವ್ಯವಸ್ಥೆಯನ್ನೇ ಪುನಃ ಸ್ಥಾಪಿಸುವ ಅಗತ್ಯವಿಲ್ಲ. "ಪಾತ್=/ಯುಎಸ್‌ಆರ್/ಬಿನ್:/ಬಿನ್" ಎಂದು ಅದೇ ಕಿಟಕಿಯಲ್ಲಿ ಬರೆದರೆ ಮುಖ್ಯ ಆಜ್ಞೆಗಳು ಮರಳಿ ಬರುವುವು; ಬಳಿಕ ಫೈಲಿನಲ್ಲಿ ತಪ್ಪಿರುವ ಸಾಲನ್ನು ತಿದ್ದಬಹುದು.

ಒಂದು ಎಚ್ಚರಿಕೆ

"./" ಎಂದು ಬರೆಯುವ ಶ್ರಮವನ್ನು ತಪ್ಪಿಸಲು ಕೆಲವರು ಪಟ್ಟಿಯ ಮೊದಲಲ್ಲಿ ಒಂದು ಚುಕ್ಕೆಯನ್ನು, ಅಂದರೆ "ಈಗಿರುವ ಡೈರೆಕ್ಟರಿ"ಯನ್ನು, ಸೇರಿಸುತ್ತಾರೆ. ಇದು ಅಪಾಯಕರ. ಹಲವರು ಬಳಸುವ ಡೈರೆಕ್ಟರಿಯೊಂದರಲ್ಲಿ ದುರುದ್ದೇಶವುಳ್ಳವನು "ಎಲ್‌ಎಸ್" ಎಂಬ ಹೆಸರಿನ ತನ್ನ ಪ್ರೋಗ್ರಾಮನ್ನು ಇಟ್ಟಿದ್ದರೆ, ಅಲ್ಲಿ ನೀವು "ಎಲ್‌ಎಸ್" ಎಂದೊಡನೆ ನಿಮ್ಮ ಅಧಿಕಾರದಿಂದ ನಡೆಯುವುದು ಅವನ ಪ್ರೋಗ್ರಾಮು! ಪಟ್ಟಿಯಲ್ಲಿ ಯಾವ ಸ್ಥಳವು ಮೊದಲು ಎಂಬುದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಯಾರನ್ನು ನಂಬುತ್ತೇವೆ ಎಂಬ ಪ್ರಶ್ನೆ.

ಅಭ್ಯಾಸ

ಹೊಸ ಕಿಟಕಿಯೊಂದನ್ನು ತೆರೆದು "ಪಾತ್=/ಇಲ್ಲ" ಎಂದು, "ಇಲ್ಲ" ಎಂಬುದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದು, ಯಾವ ಆಜ್ಞೆಗಳು ಉಳಿದುವು, ಯಾವುವು ಹೋದುವು ಎಂಬುದನ್ನು ಪಟ್ಟಿ ಮಾಡಿ. "/ಬಿನ್/ಎಲ್‌ಎಸ್" ಎಂದು ಪೂರ್ಣ ವಿಳಾಸವನ್ನು ಕೊಟ್ಟು ನೋಡಿ. ಅನಂತರ ಕಿಟಕಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯಿರಿ; ಎಲ್ಲವೂ ಮೊದಲಿನಂತೆಯೇ ಇರುವುದು. ಏಕೆ ಎಂಬುದನ್ನು ಎರಡನೆಯ ತತ್ತ್ವದಿಂದ ವಿವರಿಸಿ. ಪ್ರಾರಂಭದ ಫೈಲನ್ನು ಮುಂದೆ ಎಂದಾದರೂ ತಿದ್ದುವಾಗ ಮೊದಲು ಅದರ ನಕಲನ್ನು ತೆಗೆದಿಡಿ. ಹೊಸ ಕಿಟಕಿಯಲ್ಲಿ ಪರೀಕ್ಷಿಸುವವರೆಗೆ ಹಳೆಯದನ್ನು ಮುಚ್ಚಬೇಡಿ.

ಯೂನಿಕ್ಸನ್ನು ಕಟ್ಟಿದವರೇ ಒಮ್ಮೆ ತಮ್ಮ ಆಜ್ಞೆ ಏಕೆ ಫಲಿಸಲಿಲ್ಲವೆಂದು ತಲೆ ಕೆರೆದುಕೊಂಡಿದ್ದರು. ಅವರು ಅದನ್ನು ಬಗೆಹರಿಸಿದುದು ಊಹೆಯಿಂದ ಅಲ್ಲ. ಯಾವ ಕ್ರಿಯೆ ಯಾವುದರಿಂದ ಹುಟ್ಟಿತು, ಯಾವುದನ್ನು ಬದಲಿಸಿತು ಎಂದು ಹೆಜ್ಜೆ ಹೆಜ್ಜೆಗೂ ಕೇಳಿಕೊಂಡು. "ಆಜ್ಞೆ ಸಿಕ್ಕಲಿಲ್ಲ" ಎಂದು ಯಂತ್ರವು ಹೇಳಿದಾಗ ನಾವೂ "ಎಲ್ಲಿ ಹುಡುಕಿದೆ? ಆ ಪಟ್ಟಿಯನ್ನು ನಿನಗೆ ಕೊಟ್ಟವರು ಯಾರು?" ಎಂದು ಮರುಪ್ರಶ್ನೆ ಹಾಕುವುದನ್ನು ಕಲಿಯಬೇಕು.