ಎಕ್ಸ್‌ರೇಗೆ ಕಾಣದ ಕೆಂಪು ಚೂರು

ಭಾಲ್ಕಿಯ ನಮ್ಮ ಮನೆಯ ಪತ್ರಾಸಿನ ಕೋಣೆಯಲ್ಲಿ ನಾದಿನಿಯ ಮಕ್ಕಳು ಆಡಿ ಬಿಟ್ಟ ಆಟಿಕೆಗಳ ಗೋಣಿಚೀಲ ಇತ್ತು. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಕೊಂಡ ಕೆಂಪು ಲಾರಿಯೂ ಅದರಲ್ಲೇ. ಎಷ್ಟೋ ಬೇಸಿಗೆ ಕಾದು ಬಣ್ಣ ಮಾಸಿದ ಮಾಲು. "ಛಲೋ ಅದಾವಲ್ಲ, ಹೊಸಾವು ಯಾಕ ತರ್ತಿ? ನಮ್ಮ ಹುಡುಗ್ರು ಇವ್ರಾಗೇ ಆಡಿ ದೊಡ್ಡವ್ರಾಗಿಲ್ಲೇನು?" ಅಂದರು ಅತ್ತೆ. ಬೇಡ ಅಂದೆ. ಸೊಸೆ ಮಾತು ಯಾರು ಕೇಳಬೇಕು?

ಮಗನಿಗೆ ಒಂದೂವರೆ ವರ್ಷ. ಲಾರಿ ಬಾಯಲ್ಲಿಟ್ಟುಕೊಂಡು ಕೂತವನು ಒಮ್ಮೆಲೇ ಕೆಮ್ಮತೊಡಗಿದ. ಮುಖ ಕೆಂಪಾಯಿತು, ಕಣ್ಣು ಮೇಲಾದವು, ತುಟಿ ನೀಲಿ ತಿರುಗಿತು. ಅತ್ತೆ ಗಂಟಲಿಗೆ ಬೆರಳು ಹಾಕಲು ಹೋದರು. ಅವರ ಕೈ ತಳ್ಳಿ ಕೂಸನ್ನು ಬೋರಲು ಹಾಕಿ ಬೆನ್ನಿಗೆ ಹೊಡೆದೆ. ಅವನು ಅತ್ತ. ಆ ಅಳು ಕೇಳಿ ನನಗೆ ಜೀವ ಬಂತು. ಎಲ್ಲರೂ ಮುಗಿಯಿತು ಅಂದುಕೊಂಡರು. ಲಾರಿಯ ಚಕ್ರದ ಅಂಚು ಮುರಿದಿದ್ದು ಕಂಡವಳು ನಾನೊಬ್ಬಳೇ.

ರಾತ್ರಿ ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಬೀದರಿಗೆ ಕರೆದೊಯ್ದೆವು. ಎಕ್ಸ್‌ರೇ ತೆಗೆದ ಡಾಕ್ಟರು, "ಏನೂ ಇಲ್ಲ, ಕಫ ಐತಿ" ಎಂದು ಹಬೆ ಕೊಡಿಸಿ ಕಳಿಸಿದರು. ಚಕ್ರದ ಸಂಗತಿ ಹೇಳಿದೆ. "ಇದ್ರ ಕಾಣ್ತಿತ್ತಲ್ರೀ" ಅಂದರು. ಆ ಮಾತಿಗೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಾಣ್ಯ, ಮೊಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ; ಪ್ಲಾಸ್ಟಿಕ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಇದು ನನಗೆ ಗೊತ್ತಿರಬೇಕಾದ ವಿಷಯವೋ, ಅವರಿಗೋ?

ಔಷಧಿ ಮುಗಿದರೂ ಸದ್ದು ನಿಲ್ಲಲಿಲ್ಲ. ಗಂಡನ ಜೊತೆ ಜಗಳ ಆಡಿಯೇ ಹೈದರಾಬಾದಿಗೆ ಹೊರಟೆ. ಜಹೀರಾಬಾದ್ ದಾಟುವವರೆಗೂ ಮಗನ ಎದೆಯ ಮೇಲಿನ ಕೈ ತೆಗೆದಿರಲಿಲ್ಲ. ಅಲ್ಲಿನ ಡಾಕ್ಟರು ಬಲಗಡೆ ಗಾಳಿ ಕಡಿಮೆ ಹೋಗುತ್ತಿದೆ ಎಂದರು. ಬಲಗಡೆಯ ಶ್ವಾಸನಾಳ ಅಗಲ, ನೇರ. ಉಸಿರಿನ ಜೊತೆ ಒಳಗೆ ಹೋದದ್ದು ಹೆಚ್ಚಾಗಿ ಅಲ್ಲಿಗೇ ಇಳಿಯುತ್ತದಂತೆ. ಅರಿವಳಿಕೆ ಕೊಟ್ಟು ದುರ್ಬೀನು ಇಳಿಸಿ ತೆಗೆದರು. ಸಾಬುದಾನಿ ಕಾಳಿಗಿಂತ ತುಸು ದೊಡ್ಡ, ಒಂದು ಕಡೆ ಚೂಪಾದ ಕೆಂಪು ಚೂರು.

ಮನೆಗೆ ಬಂದು ಚೀಲ ಸುರುವಿದೆ. ಉಗುರಿನಿಂದ ಒತ್ತಿದರೆ ಸಾಕು, ಆಟಿಕೆಗಳು ಹಪ್ಪಳದಂತೆ ಮುರಿಯುತ್ತಿದ್ದವು. ಬಿಸಿಲು, ಕಾವಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಗೊಂಬೆಗಳು ಮೆತ್ತಗಿರಲಿ ಎಂದು ಬೆರೆಸಿದ ಥಾಲೇಟ್ ಎಂಬ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಬರುತ್ತದೆ; ಮೈ ಅಂಟಂಟಾಗುವುದು ಅದಕ್ಕೇ. ಬಣ್ಣದ್ದು ಬೇರೆ ಕಥೆ: 2018ರಲ್ಲಿ ಇಂಗ್ಲೆಂಡಿನ ಪ್ಲೈಮೌತ್ ವಿಶ್ವವಿದ್ಯಾಲಯ ಬಳಸಿದ ಆಟಿಕೆಗಳನ್ನು ಪರೀಕ್ಷಿಸಿದಾಗ ಸೀಸ, ಕ್ಯಾಡ್ಮಿಯಂ ಹೆಚ್ಚಾಗಿ ಸಿಕ್ಕಿದ್ದು ಕೆಂಪು, ಹಳದಿ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ. ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದದ್ದೇ 2021ರ ಜನವರಿ 1ರಿಂದ. ಅದಕ್ಕೂ ಹಿಂದಿನ ಲಾರಿಯನ್ನು ಯಾರು ಪರೀಕ್ಷಿಸಿದ್ದರು?

ಚೀಲವನ್ನು ಗುಜರಿ ಸಾಮಾನಿನವನಿಗೆ ಹಾಕಿದೆ, ಇನ್ನೊಬ್ಬರ ಕೂಸಿನ ಕೈಗೆ ಹೋಗದಂತೆ ಒಡೆದೇ ಹಾಕಿದೆ. ಸುಡಬೇಡಿ, ಆ ಹೊಗೆಯೂ ವಿಷ. ನಾದಿನಿ ಮುನಿಸಿಕೊಂಡಿದ್ದಾಳೆ, ಇರಲಿ.

ಮೂರು ವರ್ಷದೊಳಗಿನ ಮಕ್ಕಳಿಗೆ ಚಕ್ರ, ಕಣ್ಣು, ಗುಂಡಿ ಕಳಚಿ ಬರುವ ಆಟಿಕೆ ಬೇಡ. ಏನಾದರೂ ಸಿಕ್ಕಿಕೊಂಡಾಗ ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಾಣದೆ ಬೆರಳು ಹಾಕಬೇಡಿ. ಆಮೇಲೆ ಆರಾಮ ಅನಿಸಿದರೂ ದವಾಖಾನೆಗೆ ಹೋಗಿ. "ಆಡುವಾಗ ಒಮ್ಮೆಲೇ ಕೆಮ್ಮು ಬಂತು, ಆಟಿಕೆ ಮುರಿದಿದೆ" ಎಂದು ಚೀಟಿಯ ಮೇಲೆ ಬರೆಸಿ. ಮುರಿದ ಆಟಿಕೆಯನ್ನೂ ಒಯ್ದು ಡಾಕ್ಟರ ಮೇಜಿನ ಮೇಲಿಡಿ. ಬರೆಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.