ಮಡಿಲಿನಿಂದಿಳಿದ ಮಗು

ತಾಯಿಯ ಹಾಲು ಶಿಶುವಿನ ಸಹಜ ಆಹಾರವೆಂಬ ವಿಷಯದಲ್ಲಿ ನಮ್ಮ ಗ್ರಾಮಗಳ ದಂಪತಿಗಳಿಗೆ ಹೆಚ್ಚಿನ ಉಪದೇಶದ ಅವಶ್ಯಕತೆಯಿಲ್ಲ. ಎದೆಹಾಲನ್ನೇ ಕಾಣದೆ ಬೆಳೆದ ಮಕ್ಕಳು ಹಳ್ಳಿಗಳಲ್ಲಿ ಅಪರೂಪ. ಆದರೆ ಆ ಹಾಲನ್ನು ಯಾವಾಗ ಪ್ರಾರಂಭಿಸಬೇಕು, ಅದರೊಡನೆ ಏನನ್ನು ಕೊಡಬಾರದು, ಬೇರೆ ಆಹಾರವನ್ನು ಯಾವಾಗ ಸೇರಿಸಬೇಕು, ಎಷ್ಟು ಕಾಲ ಮುಂದುವರಿಸಬೇಕು ಎಂಬ ವಿಷಯಗಳಲ್ಲಿ ತಪ್ಪು ತಿಳಿವಳಿಕೆ ಇನ್ನೂ ಉಳಿದಿದೆ. ಇವುಗಳನ್ನು ನಿರ್ಧರಿಸುವವಳು ಬಾಣಂತಿಯೊಬ್ಬಳೇ ಅಲ್ಲ. ಅತ್ತೆ, ತಾಯಿ, ಗಂಡ, ನೆರೆಹೊರೆಯವರು ಎಲ್ಲರೂ ಅದರಲ್ಲಿ ಪಾಲುಗಾರರು. ಆದುದರಿಂದ ಈ ಪಾಠವನ್ನು ಗಂಡಹೆಂಡಿರಿಬ್ಬರೂ ಒಟ್ಟಿಗೆ ಓದುವುದು ಒಳ್ಳೆಯದು.

ಪಶ್ಚಿಮ ಆಫ್ರಿಕದಲ್ಲಿ ಇಂದು ಘಾನಾ ಎಂದು ಕರೆಯಲ್ಪಡುವ ದೇಶವು ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿ ಗೋಲ್ಡ್ ಕೋಸ್ಟ್ ಎಂಬ ಹೆಸರಿನಲ್ಲಿತ್ತು. 1929ರಲ್ಲಿ ಅಲ್ಲಿಗೆ ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಕೆಲಸಕ್ಕೆ ಬಂದರು. ಒಂದರಿಂದ ನಾಲ್ಕು ವರ್ಷದೊಳಗಿನ ಅನೇಕ ಮಕ್ಕಳಲ್ಲಿ ವಿಚಿತ್ರವಾದೊಂದು ರೋಗವನ್ನು ಅವರು ಕಂಡರು. ಕೈಕಾಲುಗಳು ಊದಿಕೊಳ್ಳುತ್ತಿದ್ದವು, ಕೂದಲು ಕೆಂಚಾಗುತ್ತಿತ್ತು, ಚರ್ಮವು ಕಪ್ಪಾಗಿ ಸುಲಿಯುತ್ತಿತ್ತು. ಮಗು ಆಟವನ್ನು ಮರೆತು, ಯಾರು ಮುಟ್ಟಿದರೂ ಕಿರಿಕಿರಿಗೊಂಡು ಅಳುತ್ತಿತ್ತು. ಊತವಿದ್ದುದರಿಂದ ಮೊದಲ ನೋಟಕ್ಕೆ ಮಗು ದುಂಡಗೆ ಕಾಣುತ್ತಿತ್ತು. ಅನೇಕ ಮಕ್ಕಳು ಸಾಯುತ್ತಿದ್ದರು.

ಅಲ್ಲಿನ ಗಾ ಜನಾಂಗದ ತಾಯಂದಿರು ಈ ರೋಗವನ್ನು ‘ಕ್ವಾಷಿಯೋರ್ಕರ್’ ಎಂದು ಕರೆಯುತ್ತಿದ್ದರು. ಮುಂದಿನ ಕೂಸು ಹುಟ್ಟಿದಾಗ, ತನ್ನ ಸ್ಥಾನವನ್ನು ಕಳೆದುಕೊಂಡ ಹಿರಿಯ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಅರ್ಥ. ವಿಲಿಯಮ್ಸ್ ಅವರು ಈ ತಾಯಂದಿರ ಮಾತನ್ನು ಅಲಕ್ಷಿಸಲಿಲ್ಲ. 1933ರಲ್ಲಿ ಈ ರೋಗದ ವಿವರವನ್ನು ಪ್ರಕಟಿಸಿ, 1935ರಲ್ಲಿ ಅದೇ ಹೆಸರಿನಿಂದಲೇ ಅದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ನಾವು ವೈದ್ಯ ವಿದ್ಯಾರ್ಥಿಗಳಾಗಿದ್ದಾಗ ಈ ಪದವನ್ನು ಬಾಯಿಪಾಠ ಮಾಡಿದ್ದೆವು; ರೋಗದ ಕಾರಣದ ಅರ್ಧಭಾಗವು ಅದರ ಹೆಸರಿನಲ್ಲಿಯೇ ಅಡಗಿದೆಯೆಂಬುದು ಆಗ ಹೊಳೆದಿರಲಿಲ್ಲ.

ತಾಯಿಯು ಮತ್ತೆ ಗರ್ಭಿಣಿಯಾದೊಡನೆ ಮೊದಲಿನ ಮಗುವಿಗೆ ಹಾಲು ಬಿಡಿಸಿ, ಬರಿಯ ಮೆಕ್ಕೆಜೋಳದ ಗಂಜಿಯನ್ನು ಕೊಡಲಾಗುತ್ತಿತ್ತು. ಹೊಟ್ಟೆ ತುಂಬುತ್ತಿತ್ತು, ಆದರೆ ಮೈಗೆ ಬೇಕಾದ ಸಸಾರಜನಕ ಮುಂತಾದ ಸತ್ವಗಳು ದೊರೆಯುತ್ತಿರಲಿಲ್ಲ. ಪದೇ ಪದೇ ಬರುವ ಬೇಧಿ, ದಡಾರಗಳೂ ಈ ರೋಗಕ್ಕೆ ದಾರಿ ಮಾಡಿಕೊಡುತ್ತವೆಂದು ಈಗ ತಿಳಿದುಬಂದಿದೆ. ಅಂತೂ ಎರಡು ಹೆರಿಗೆಗಳ ನಡುವಿನ ಅಂತರ, ಎದೆಹಾಲು ಮತ್ತು ಪೂರಕ ಆಹಾರ ಇವು ಮೂರೂ ಒಂದೇ ಹಗ್ಗದ ಎಳೆಗಳು.

ಮೊದಲ ಗಂಟೆ, ಮೊದಲ ಆರು ತಿಂಗಳು

ಹೆರಿಗೆಯಾದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕಬೇಕು. ಮೊದಲೆರಡು ಮೂರು ದಿನ ಬರುವ ಹಳದಿ ಛಾಯೆಯ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವ ವಾಡಿಕೆ ಕೆಲವೆಡೆ ಇದೆ. ಹಸು ಈದಾಗ ಗಿಣ್ಣು ಹಾಲಿನಲ್ಲಿ ಕರುವಿನ ಪಾಲನ್ನು ತಪ್ಪದೆ ಬಿಡುವ ರೈತನು ತನ್ನ ಕೂಸಿನ ಗಿಣ್ಣನ್ನು ಚೆಲ್ಲಲು ಒಪ್ಪುವುದು ಆಶ್ಚರ್ಯಕರ! ರೋಗಗಳನ್ನು ತಡೆಯುವ ಶಕ್ತಿ ಆ ಹಾಲಿನಲ್ಲಿ ಹೇರಳವಾಗಿದೆ. ಅದರ ಪ್ರಮಾಣ ಕಡಿಮೆಯೆಂದು ಹೆದರಬೇಕಾಗಿಲ್ಲ. ಮೊದಲ ದಿನ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದೂ ಒಂದೆರಡು ಚಮಚೆಯಷ್ಟೇ.

ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ, ತೇಯ್ದ ಬಜೆ ಇವಾವುವೂ ಬೇಡ. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೂ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನಿಂದ ಕೂಸಿನ ಸ್ನಾಯುಗಳು ನಿಶ್ಶಕ್ತವಾಗುವ ಅಪಾಯವಿದೆ. ಆರು ತಿಂಗಳವರೆಗೆ ನೀರೂ ಬೇಡವೆಂದರೆ ಹಿರಿಯರು ಒಪ್ಪುವುದು ಕಷ್ಟ, ವಿಶೇಷವಾಗಿ ಬೇಸಿಗೆಯಲ್ಲಿ. ಆದರೆ ಎದೆಹಾಲಿನ ನೂರು ಭಾಗದಲ್ಲಿ ಸುಮಾರು 88 ಭಾಗ ನೀರೇ. ಬಾಯಾರಿಕೆಯಾದ ಕೂಸಿಗೆ ಇನ್ನೊಮ್ಮೆ ಹಾಲೂಡಿಸಿದರೆ ಸಾಕು. ನೀರು ಬೇಕಾದದ್ದು ಬಾಣಂತಿಗೆ. ಅವಳಿಗೆ ನೀರನ್ನೂ ಸೊಪ್ಪು ಕಾಯಿಪಲ್ಲೆಗಳನ್ನೂ ಮಿತಗೊಳಿಸುವ ಪಥ್ಯವು ಹಾನಿಕರ.

‘ಹಾಲು ಸಾಲದು’ ಎಂಬ ಮಾತು ಬಹುಪಾಲು ಮನೆಗಳಲ್ಲಿ ಕೇಳಿಬರುತ್ತದೆ. ಮೊದಲ ವಾರದ ನಂತರ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕವು ಏರುತ್ತಿದ್ದರೆ ಹಾಲು ಸಾಕಾಗುತ್ತಿದೆಯೆಂದು ತಿಳಿಯಬೇಕು. ಕೂಸು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಸೀಸೆಯ ಹಾಲು ಕುಡಿದ ಕೂಸು ಎದೆಯನ್ನು ಕಡಿಮೆ ಚೀಪುತ್ತದೆ, ಆಗ ಹಾಲು ನಿಜವಾಗಿಯೂ ಬತ್ತುತ್ತದೆ.

ಸೀಸೆ ಮತ್ತು ಡಬ್ಬಿ

ವಿಲಿಯಮ್ಸ್ ಅವರು ಮುಂದೆ ಮಲಯ ದೇಶಕ್ಕೆ ವರ್ಗವಾದರು. ಅಲ್ಲಿ ಸಿಹಿ ಬೆರೆಸಿದ ಡಬ್ಬಿ ಹಾಲನ್ನು ಶಿಶುಗಳಿಗೆ ಶ್ರೇಷ್ಠವೆಂದು ಮಾರಲಾಗುತ್ತಿತ್ತು. ಅದನ್ನು ಕುಡಿದ ಕೂಸುಗಳು ಬೇಧಿಯಿಂದಲೂ ಸೊರಗಿಯೂ ಸಾಯುತ್ತಿದ್ದವು. 1939ರಲ್ಲಿ ಸಿಂಗಪುರದ ಗಣ್ಯರ ಸಭೆಯೊಂದರಲ್ಲಿ ಅವರು ಇದನ್ನು ಕೊಲೆಯೆಂದೇ ಕರೆದರು. ಆ ಮಾತು ಜಗತ್ತಿನ ಕಿವಿಗೆ ಬೀಳಲು ನಾಲ್ಕು ದಶಕಗಳು ಹಿಡಿದವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು ಇಂತಹ ಮಾರಾಟಕ್ಕೆ ನಿಯಮಗಳನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ 1992ರಲ್ಲಿ ಕಾಯಿದೆಯಾಗಿ, 2003ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಡಬ್ಬಿ ಹಾಲು ಮತ್ತು ಹಾಲಿನ ಸೀಸೆಗಳ ಜಾಹೀರಾತು ಇಲ್ಲಿ ಅಪರಾಧ. ಡಬ್ಬಿಯ ಮೇಲೆ ಶಿಶುವಿನ ಚಿತ್ರವನ್ನೂ ಅಚ್ಚು ಹಾಕುವಂತಿಲ್ಲ.

ಡಬ್ಬಿಯ ಪುಡಿಯು ತಾನಾಗಿ ವಿಷವಲ್ಲ. ಬೆಲೆ ಹೆಚ್ಚೆಂದು ಪುಡಿಯನ್ನು ಕಡಿಮೆ ಹಾಕಿ ನೀರನ್ನು ಹೆಚ್ಚಿಸುವುದು, ಕುದಿಸದ ನೀರು, ಒಳಗಡೆ ತೊಳೆಯಲಾಗದ ರಬ್ಬರಿನ ತೊಟ್ಟು, ಅದರ ಮೇಲೆ ಕೂರುವ ನೊಣ ಇವೆಲ್ಲ ಸೇರಿ ಅದನ್ನು ವಿಷವಾಗಿಸುತ್ತವೆ. ತಾಯಿಯ ಕಾಯಿಲೆಯಿಂದ ಎದೆಹಾಲು ನಿಜಕ್ಕೂ ಅಸಾಧ್ಯವಾದಲ್ಲಿ ವೈದ್ಯರ ಸಲಹೆ ಪಡೆಯಬೇಕು. ಆಗಲೂ ಸೀಸೆ ಬೇಡ. ನಮ್ಮ ಅಜ್ಜಿಯರ ಒಳಲೆ, ಇಲ್ಲವೇ ಬಟ್ಟಲು ಚಮಚೆ ಸಾಕು. ಅವನ್ನು ಕುದಿಯುವ ನೀರಿನಲ್ಲಿ ಶುಚಿ ಮಾಡುವುದು ಸುಲಭ.

ಬಿಟ್ಟುಹೋದ ಅಭ್ಯಾಸವನ್ನು ಮರಳಿ ತರಲು ಸಾಧ್ಯವೆಂಬುದನ್ನು ದಕ್ಷಿಣ ಅಮೆರಿಕದ ಬ್ರೆಜಿಲ್ ತೋರಿಸಿಕೊಟ್ಟಿದೆ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಅರ್ಧದಷ್ಟು ಶಿಶುಗಳು ಮೂರು ತಿಂಗಳು ತುಂಬುವ ಮೊದಲೇ ಎದೆಹಾಲನ್ನು ಕಳೆದುಕೊಳ್ಳುತ್ತಿದ್ದವು. 1981ರಲ್ಲಿ ಸರ್ಕಾರವು ರಾಷ್ಟ್ರೀಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಬಡ ಈಶಾನ್ಯ ಭಾಗದಲ್ಲಿ ಅಂಚೆಯವರು ಕಾಗದ ಹಂಚುವುದರೊಡನೆ ಬಾಣಂತಿಯರ ಮನೆಗಳಿಗೆ ಈ ತಿಳಿವಳಿಕೆಯನ್ನೂ ಮುಟ್ಟಿಸಿದರು. ತಾಯಂದಿರು ದಾನ ಮಾಡುವ ಹೆಚ್ಚಿನ ಹಾಲನ್ನು ಹಲವು ಊರುಗಳಲ್ಲಿ ಅಗ್ನಿಶಾಮಕ ದಳದವರು ಮನೆಗೆ ಬಂದು ಒಯ್ಯುತ್ತಾರೆ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗೆ ಅದು ಆಸ್ಪತ್ರೆಯಲ್ಲಿ ಆಹಾರವಾಗುತ್ತದೆ. 2008ರ ವೇಳೆಗೆ ಅರ್ಧದಷ್ಟು ಮಕ್ಕಳು ಸುಮಾರು 11 ತಿಂಗಳವರೆಗೂ ಎದೆಹಾಲು ಕುಡಿಯುತ್ತಿದ್ದರು. ಅಂಚೆಯವನು ಮಾಡಬಹುದಾದುದನ್ನು ಮನೆಯ ಗಂಡನು ಮಾಡಲಾರನೇ? ಬಾಣಂತಿ ಹಾಲೂಡಿಸುವಾಗ ನೀರು ಸೇದುವುದು, ಹಿರಿಯ ಮಗುವನ್ನು ಎತ್ತಿಕೊಳ್ಳುವುದು, ಕಳೆ ಕೀಳಲು ಬೇಗನೆ ಹೊಲಕ್ಕೆ ಬಾ ಎನ್ನದಿರುವುದು ಅವನಿಂದಾಗುವ ಕೆಲಸಗಳೇ.

ಆರು ತಿಂಗಳು ತುಂಬಿದ ನಂತರ

ಈಗ ಎದೆಹಾಲೊಂದೇ ಸಾಲದು. ನಮ್ಮ ಅಜ್ಜಿಯರ ರಾಗಿ ಸರಿಗಿಂತ ಉತ್ತಮವಾದ ಪ್ರಾರಂಭವನ್ನು ನಾನು ಕಾಣೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಮೊಳಕೆಯೊಡೆದ ಧಾನ್ಯದ ಹಿಟ್ಟು ಬೇಯಿಸಿದಾಗ ಅಷ್ಟಾಗಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ನೀರನ್ನು ಹೆಚ್ಚಿಸದೆ ಹೆಚ್ಚು ಹಿಟ್ಟನ್ನು ಹಾಕಬಹುದು. ಕೂಸಿನ ಸಣ್ಣ ಹೊಟ್ಟೆಗೆ ಹೆಚ್ಚು ಸತ್ವ ಸೇರುತ್ತದೆ. ಆದರೆ ಬರಿಯ ರಾಗಿಯಲ್ಲಿಯೇ ನಿಂತರೆ ಗೋಲ್ಡ್ ಕೋಸ್ಟಿನ ಜೋಳದ ಗಂಜಿಯ ಕಥೆಯೇ ಆದೀತು. ಹುರಿದ ಹೆಸರುಬೇಳೆಯ ಹಿಟ್ಟು, ಒಂದು ಚಮಚೆ ತುಪ್ಪ ಅಥವಾ ಎಣ್ಣೆ, ನುಣ್ಣಗೆ ಬೇಯಿಸಿದ ನುಗ್ಗೆಸೊಪ್ಪು, ಪರಂಗಿ ಹಣ್ಣು, ತಿನ್ನುವ ಮನೆಗಳಲ್ಲಿ ಮೊಟ್ಟೆ ಇವನ್ನು ಒಂದೊಂದಾಗಿ ಸೇರಿಸಬೇಕು. ಎರಡು ಮೂರು ದೊಡ್ಡ ಚಮಚೆಯಿಂದ ಆರಂಭಿಸಿ, ಒಂಬತ್ತು ತಿಂಗಳಿಗೆ ಅರ್ಧ ಬಟ್ಟಲನ್ನು ದಿನಕ್ಕೆ ಮೂರು ನಾಲ್ಕು ಸಲ ಕೊಡುವಂತಾಗಬೇಕು. ಮಗುವಿಗೆ ಬೇರೆ ತಟ್ಟೆ ಇರಲಿ. ಎಷ್ಟು ತಿಂದಿತೆಂಬುದು ಆಗ ಮಾತ್ರ ತಿಳಿಯುತ್ತದೆ. ಎದೆಹಾಲನ್ನು ಎರಡು ವರ್ಷ ತುಂಬುವವರೆಗೂ, ಅನಂತರವೂ ಮುಂದುವರಿಸಬಹುದು.

ಮುಂದಿನ ಕೂಸು ಯಾವಾಗ?

ಹಾಲೂಡಿಸುವಾಗ ಗರ್ಭ ನಿಲ್ಲದೆಂಬ ನಂಬಿಕೆಯಲ್ಲಿ ಸತ್ಯಾಂಶವಿದೆ, ಆದರೆ ಅದಕ್ಕೆ ಮೂರು ಷರತ್ತುಗಳಿವೆ. ಕೂಸಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ಮರಳಿ ಬಂದಿರಬಾರದು. ಹಗಲೂ ರಾತ್ರಿಯೂ ಎದೆಹಾಲಲ್ಲದೆ ಬೇರೇನನ್ನೂ ಕೊಡುತ್ತಿರಬಾರದು. ಮೂರೂ ಇದ್ದಲ್ಲಿ ನೂರು ತಾಯಂದಿರಲ್ಲಿ ಸುಮಾರು ಇಬ್ಬರು ಮಾತ್ರ ಗರ್ಭಿಣಿಯರಾಗುತ್ತಾರೆ. ಒಂದು ತಪ್ಪಿದರೂ ಈ ರಕ್ಷಣೆಯನ್ನು ನಂಬುವಂತಿಲ್ಲ. ಮುಟ್ಟು ಬರುವ ಮೊದಲೇ ಗರ್ಭ ನಿಲ್ಲುವುದೂ ಉಂಟು.

ಹಾಲೂಡಿಸುತ್ತಿರುವಾಗಲೇ ಗರ್ಭ ನಿಂತರೆ ಹಾಲು ಕೆಡುವುದಿಲ್ಲ. ಮಗುವನ್ನು ಥಟ್ಟನೆ ಬಿಡಿಸಬಾರದು. ಆದರೆ ಹಾಲು ಕಡಿಮೆಯಾಗುವುದರಿಂದ ಅದರ ಊಟವನ್ನು ಹೆಚ್ಚಿಸಬೇಕು, ತಾಯಿಯೂ ಹೆಚ್ಚು ಉಣ್ಣಬೇಕು. ಅದಕ್ಕಿಂತ ಒಂದು ಹೆರಿಗೆಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿಡುವುದು ಲೇಸು.

ಇದಕ್ಕೆ ಸಾಧನಗಳಿವೆ. ಕಾಪರ್-ಟಿ ವಂಕಿಯನ್ನು ಹೆರಿಗೆಯಾದ 48 ಗಂಟೆಗಳೊಳಗೆ, ಇಲ್ಲವೇ ಆರು ವಾರಗಳ ನಂತರ ಹಾಕಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದನ್ನು ಆರು ವಾರಗಳ ನಂತರ ಪ್ರಾರಂಭಿಸಬಹುದು. ಹಾರ್ಮೋನಿಲ್ಲದ ಛಾಯಾ ಗುಳಿಗೆಯು ಹಾಲನ್ನು ಕುಂದಿಸುವುದಿಲ್ಲ. ಪ್ರತಿದಿನ ನುಂಗುವ ಮಾಲಾ-ಎನ್ ಗುಳಿಗೆಯನ್ನು ಮಾತ್ರ ಹಾಲೂಡಿಸುವ ತಾಯಿ ಮೊದಲ ಆರು ತಿಂಗಳು ಸೇವಿಸಬಾರದು. ನಿರೋಧ್ ಬಳಕೆಯು ಗಂಡನ ಕೈಯಲ್ಲಿದೆ. ಆಶಾ ಕಾರ್ಯಕರ್ತೆಯು ಆಸ್ಪತ್ರೆಯ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬರುತ್ತಾಳೆ. 42ನೆಯ ದಿನ ಗಂಡನೂ ಮನೆಯಲ್ಲಿದ್ದು, ಇವುಗಳಲ್ಲಿ ಯಾವುದು ತಮಗೆ ಸೂಕ್ತವೆಂದು ಇಬ್ಬರೂ ಕೇಳಿ ತಿಳಿದುಕೊಳ್ಳತಕ್ಕದ್ದು.